ತೆಳು ಲ್ಯಾಪ್‌ಟಾಪ್‌ಗೆ ಆಮೇಲೆ ರ್‍ಯಾಮ್ ಹಾಕಿಸಬಹುದಾ?

ಪ್ರಶ್ನೆ: ಮಗಳು ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಕಾಲೇಜಿಗೆ ಹೋಗುತ್ತಾಳೆ. ತೆಳುವಾದ ಲ್ಯಾಪ್‌ಟಾಪ್ ಬೇಕಂತೆ. ಈಗ 8 ಜಿಬಿ ರ್‍ಯಾಮ್ ಇರುವುದನ್ನು ಕೊಡಿಸಿ, ಮುಂದೆ ಹೆಚ್ಚಿಸಬಹುದಾ?
– ಗೃಹಿಣಿ, ಉಡುಪಿ

ಉತ್ತರ: ತೆಳು ಮಾಡೆಲ್‌ಗಳಲ್ಲಿ ಹೆಚ್ಚಿನವಕ್ಕೆ ಆಗುವುದಿಲ್ಲ ಅಕ್ಕಾ. ರ್‍ಯಾಮ್ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಚಿಪ್‌ಗಳನ್ನು ಮದರ್‌ಬೋರ್ಡಿಗೇ, ಅಂದರೆ ಒಳಗಿನ ಮುಖ್ಯ ಬೋರ್ಡಿಗೇ, ಬೆಸುಗೆ ಹಾಕಿರುತ್ತಾರೆ. ಸ್ಲಾಟ್ ಇಟ್ಟರೆ ದಪ್ಪ ಜಾಸ್ತಿಯಾಗುತ್ತದೆ ಅಲ್ವಾ? ಹಾಗಾಗಿ ಸ್ವಲ್ಪ ಹೆಚ್ಚು ದುಡ್ಡು ಹೋದರೂ 16 ಜಿಬಿಯದ್ದೇ ಕೊಡಿಸಿ. ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಹಾಗಲ್ಲ. ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಚೂಯಿಂಗ್ ಗಮ್ ಪಟ್ಟಿಯಷ್ಟು ಚಿಕ್ಕ ಎಂ.2 ಕಾರ್ಡ್. ಹಿಂಬದಿಯ ಮುಚ್ಚಳ ತೆಗೆದು ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. 512 ಜಿಬಿ ಈಗ ಸಾಕು, ಆಮೇಲೆ ದೊಡ್ಡದು ಹಾಕಿಸಬಹುದು.

ಬಸ್ಸಿನಲ್ಲಿ ನಿಂತು ಬರುವ ಹುಡುಗಿಗೆ 1.3 ಕಿಲೋ ಆಸುಪಾಸಿನದ್ದು ಒಳ್ಳೆಯದು. ನಾನಂತೂ ಮಂಗಳೂರಿನ ಹಂಪನಕಟ್ಟೆಯ ಅಂಗಡಿಗೆ ಹೋದರೆ ಚಾರ್ಜರ್ ಸಮೇತ ಎತ್ತಿ ನೋಡುತ್ತೇನೆ. ಯುಎಸ್‌ಬಿ-ಸಿ ಚಾರ್ಜಿಂಗ್ ಇದ್ದರೆ, ಅದೇ ಬಗೆಯ ಪೋರ್ಟ್ ಇರುವ ಫೋನಿಗೂ ಅದೇ ಚಾರ್ಜರ್ ಆಗುತ್ತದೆ.

ಮಗಳು ಓದುವುದು ಏನು ಅಂತ ನೀವು ಬರೆದಿಲ್ಲ. ಬಿಕಾಂ ಆದರೆ ತೆಳುವಿನದ್ದು ಧಾರಾಳ ಸಾಕು. ಎಂಜಿನಿಯರಿಂಗ್‌ನ ತ್ರೀಡಿ ಡಿಸೈನ್ ಆದರೆ ಯೋಚಿಸಿ. ಅಷ್ಟು ಸಪೂರ ಮೈಯಲ್ಲಿ ಬಿಸಿ ಹೊರಹೋಗಲು ಜಾಗ ಕಡಿಮೆ, ಬಿಸಿ ಏರಿದಂತೆ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತದೆ.