ಶಿಬಿರದ ಅಜ್ಜಿ ಮುಖ ತಿರುಗಿಸಿಕೊಂಡರು

ಪ್ರಶ್ನೆ: ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಪರಿಹಾರ ಕೇಂದ್ರಕ್ಕೆ ಕಳೆದ ಭಾನುವಾರ ಸ್ವಯಂಸೇವಕಿಯಾಗಿ ಹೋಗಿದ್ದೆ. ದಿನವಿಡೀ ಹಳೇ ಬಟ್ಟೆ ವಿಂಗಡಿಸಿದ್ದೇ ಆಯ್ತು. ಸಂಜೆ ಒಬ್ಬ ಅಜ್ಜಿಯ ಪಕ್ಕ ಕೂತು, "ಏನಾಯ್ತು ಅಜ್ಜಿ, ಹೇಳಿ" ಅಂದೆ. ಅವರು ಮುಖ ತಿರುಗಿಸಿಕೊಂಡರು. ನಾನು ತಪ್ಪು ಮಾಡಿದೆನಾ? ಮತ್ತೆ ಹೋಗಬೇಕು ಅನ್ನಿಸುತ್ತೆ, ಹೋಗಿ ಏನು ಉಪಯೋಗ ಅಂತಲೂ ಅನ್ನಿಸುತ್ತೆ.
– ಓದುಗರೊಬ್ಬರು

ಉತ್ತರ: ಹೋಗಿ, ಖಂಡಿತ ಹೋಗಿ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಪ್ರಶ್ನೆಯನ್ನು ಅಜ್ಜಿಗೆ ಅಷ್ಟರಲ್ಲಿ ಹೆಸರು ಬರೆದುಕೊಳ್ಳುವವರು, ಡಾಕ್ಟರು, ಕ್ಯಾಮೆರಾ ಹಿಡಿದವರು ಎಲ್ಲರೂ ಕೇಳಿರುತ್ತಾರೆ. ಪ್ರತಿ ಸಲ ಹೇಳುವಾಗಲೂ ಅವರ ಮನೆ ಇನ್ನೊಮ್ಮೆ ಮುಳುಗುತ್ತೆ, ಅಲ್ವಾ? ಇಂಥ ಕಡೆ ಕೆಲಸ ಮಾಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ತಂದಿದೆ. ನೋಡಿ, ಕೇಳಿಸಿಕೊಳ್ಳಿ, ಬೇಕಾದ ಸಹಾಯದ ಜೊತೆ ಜೋಡಿಸಿ. ಅದರ ಸಾರ ಇಷ್ಟೇ. ಕೆದಕಿ ಕೇಳಿ ಅಂತ ಎಲ್ಲೂ ಇಲ್ಲ. ಅವರಾಗಿ ಹೇಳಿದರೆ ಕೇಳಿ, ಇಲ್ಲದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತಿರಿ.

ಕೇಳಲೇಬೇಕು ಅನ್ನಿಸಿದರೆ "ಈಗ ಏನು ಬೇಕು?" ಅನ್ನಿ. ಒಂದು ಶಿಬಿರದಲ್ಲಿ ವಯಸ್ಸಾದವರೊಬ್ಬರು ಅರ್ಧ ಗಂಟೆಯಿಂದ ಒಂದು ಅರ್ಜಿ ಹಿಡಿದು ಕೂತಿದ್ದರು. ದುಃಖದಲ್ಲಿದ್ದಾರೆ ಅಂದುಕೊಂಡು ನಾವೆಲ್ಲ ದೂರವೇ ಇದ್ದೆವು. ಕೊನೆಗೆ ಕೇಳಿದರೆ, ಅವರ ಕನ್ನಡಕ ನೀರಲ್ಲಿ ಹೋಗಿತ್ತು, ಅಷ್ಟೇ! ಹುಡುಗನೊಬ್ಬ ಕೂತು ಅರ್ಜಿ ಓದಿ ಹೇಳಿ ತುಂಬಿಸಿಕೊಟ್ಟ. ಆಮೇಲೆ ಅವರೇ, "ನನ್ನ ತಮ್ಮ ಯಾವ ಶಿಬಿರದಲ್ಲಿದ್ದಾನೆ, ಗೊತ್ತಾಗುತ್ತಾ?" ಅಂತ ಕೇಳಿದರು.

ಇನ್ನು ಬಟ್ಟೆ ವಿಂಗಡಿಸೋದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಇಂಥ ಶಿಬಿರಗಳಿಗೆ ಸ್ಫಿಯರ್ ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕು ಅನ್ನುತ್ತೆ ಅದು, ಅಂದರೆ ಎರಡು ಒಂಟಿ ಮಂಚ ಜೋಡಿಸಿದಷ್ಟು. ವಿಂಗಡಿಸದ ಬಟ್ಟೆಯ ರಾಶಿ ಯಾರೋ ಮಲಗಬೇಕಾದ ಜಾಗವನ್ನೇ ತಿನ್ನುತ್ತೆ. ದಿನಕ್ಕೆ ತಲಾ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ ಅಂತಲೂ ಅದರಲ್ಲಿದೆ. ಶೌಚಾಲಯ ಇದ್ದರಷ್ಟೇ ಸಾಲದು, ಒಳಗಿನ ಚಿಲಕ ಕೂರುತ್ತಾ, ರಾತ್ರಿ ದೀಪ ಉರಿಯುತ್ತಾ, ಸೋಪು ಮುಗಿದಿದೆಯಾ, ಹೋಗಿ ನೋಡಿ. ಕತ್ತಲಲ್ಲಿ ಅಲ್ಲಿಗೆ ಹೋಗಲು ಹೆದರಿ ಸಂಜೆಯಿಂದ ನೀರೇ ಕುಡಿಯದ ಹೆಂಗಸರು ಇರುತ್ತಾರೆ, ಅದನ್ನು ಬಾಯಿಬಿಟ್ಟು ಹೇಳೋದಿಲ್ಲ.

ಫೋಟೊ ತೆಗೆಯಬೇಡಿ. ಎಷ್ಟೇ ಪ್ರೀತಿ ಬಂದರೂ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಡಿ. ಮನೆ ಕಟ್ಟಿಸಿಕೊಡ್ತಾರೆ, ಹಣ ಬರುತ್ತೆ ಅಂತ ನಿಮಗೇ ಗೊತ್ತಿಲ್ಲದ ಭರವಸೆ ಕೊಡಬೇಡಿ.

ಇನ್ನೊಂದು ಮಾತು. ಮೊದಲ ವಾರ ಶಿಬಿರದಲ್ಲಿ ಸ್ವಯಂಸೇವಕರೇ ಜಾಸ್ತಿ, ಮೂರನೇ ವಾರಕ್ಕೆ ಹುಡುಕಿದರೂ ಸಿಗೋದಿಲ್ಲ. ಭಾನುವಾರದ ಬದಲು ವಾರದ ನಡುವೆ ಎರಡು ಗಂಟೆ ಬರ್ತೀನಿ ಅಂತ ಉಸ್ತುವಾರಿ ನೋಡುವವರಿಗೆ ಹೇಳಿ, ಹೇಳಿದ ಹೊತ್ತಿಗೆ ಹೋಗಿ.

ಹೋದಾಗ ಆ ಬಟ್ಟೆಯ ಗಂಟನ್ನು ಅಜ್ಜಿಯ ಹತ್ತಿರವೇ ಬಿಚ್ಚಿ. "ಇದರಲ್ಲಿ ಯಾವುದು ಎಷ್ಟು ವಯಸ್ಸಿನ ಮಕ್ಕಳಿಗೆ ಆಗುತ್ತೆ, ನನಗೆ ಗೊತ್ತಾಗ್ತಿಲ್ಲ ಅಜ್ಜಿ" ಅನ್ನಿ. ಅಷ್ಟು ವರ್ಷ ಮನೆ ನಡೆಸಿದವರು ಅವರು. ಮಡಚೋಕೆ ಕೈ ಹಾಕಿದರೆ ಹಾಕಲಿ, ಇಲ್ಲದಿದ್ದರೆ ನೀವೇ ಮಡಚುತ್ತಾ ಕೂತಿರಿ.