ಪಡಸಾಲೆಯಲ್ಲಿ ಮಾಂಟೆಸರಿ: ಹತ್ತು ದಿನದ ಕೋರ್ಸ್ ಸಾಕೇ?

ಪ್ರಶ್ನೆ: ನನಗೆ 31 ವರ್ಷ. ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಟೀಚರ್. ಮೂರೂವರೆ ವರ್ಷದ ಮಕ್ಕಳ ಕೈ ಹಿಡಿದು ಪುಟಗಟ್ಟಲೆ ಬರೆಸಬೇಕು. ಅವು ಅಳುತ್ತವೆ. ಮನೆಗೆ ಬಂದರೆ ನನಗೆ ಊಟ ಸೇರುವುದಿಲ್ಲ. ಮಕ್ಕಳು ಸಾಮಗ್ರಿಗಳನ್ನು ಮುಟ್ಟಿ ತಾವೇ ಕಲಿಯುವ ಮಾಂಟೆಸರಿ ಪದ್ಧತಿ ಕಲಿತು ನಮ್ಮ ಪಡಸಾಲೆಯಲ್ಲೇ ಸಣ್ಣ ಶಾಲೆ ತೆರೆಯುವ ಆಸೆ. ಡಿಪ್ಲೊಮಾಗೆ ಬೆಂಗಳೂರಿಗೆ ಹೋಗಬೇಕು, ನಾಲ್ಕು ವರ್ಷದ ಮಗಳಿದ್ದಾಳೆ. ಹತ್ತು ದಿನದ ಆನ್‌ಲೈನ್ ಕೋರ್ಸ್ ಮಾಡು, ಪಾಟ್ಲಿ ಅಡವಿಟ್ಟು ಸಾಮಾನು ತರಿಸು, ಜೂನ್‌ಗೆ ಬೋರ್ಡ್ ಹಾಕು ಎನ್ನುತ್ತಾಳೆ ಗೆಳತಿ. ಯಜಮಾನರದು ‘ನಿನ್ನಿಷ್ಟ’. ಅತ್ತೆ ಮಾತ್ರ ‘ಮನಿ ಅಂದ್ರ ಮನಿ, ಸಾಲಿ ಅಂದ್ರ ಸಾಲಿ’ ಎಂದು ಮುಖ ತಿರುಗಿಸಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ಈ ಜೂನ್‌ಗೆ ಬೋರ್ಡ್ ಹಾಕಬೇಡಿ, ಪಾಟ್ಲಿಯನ್ನೂ ಮುಟ್ಟಬೇಡಿ. ಆದರೆ ಶಾಲೆಯ ಆಸೆ ಇಟ್ಟುಕೊಳ್ಳಿ. ಮಕ್ಕಳು ಅತ್ತರೆ ಊಟ ಸೇರದ ಟೀಚರ್ ನಮ್ಮ ಊರುಗಳಿಗೆ ತುಂಬಾ ಬೇಕು.

ಹತ್ತು ದಿನ ಯಾಕೆ ಸಾಲದು ಹೇಳುತ್ತೇನೆ. ಶಾಲೆ ತೆರೆದ ಎರಡನೇ ತಿಂಗಳಿಗೆ ಒಬ್ಬ ತಾಯಿ ಬಂದು, ‘ಬಾಜು ಮನಿ ಹುಡುಗ ಎಬಿಸಿಡಿ ಎಲ್ಲಾ ಬರೀತಾನ, ನಮ್ಮವನ ನೋಟ್‌ಬುಕ್ ಖಾಲಿ ಅದ’ ಎನ್ನುತ್ತಾರೆ. ಆಗ ನೀವು ಏನು ಹೇಳುತ್ತೀರಿ? ಮಗು ಎರಡು ಬೆರಳಿನಿಂದ ಮರಳು ಕಾಗದದ ಅಕ್ಷರ ಸವರುತ್ತಾ ಅದರ ಸದ್ದು ಹೇಳುವುದು ಯಾಕೆ? ಪುಟ್ಟ ಹಿಡಿಕೆಯಿರುವ ಮರದ ಸಿಲಿಂಡರ್‌ಗಳನ್ನು ಎತ್ತಿ ಎತ್ತಿ ಇಡುವಾಗಲೇ ಅದರ ಮೂರು ಬೆರಳು ಪೆನ್ಸಿಲ್ ಹಿಡಿಯಲು ಹೇಗೆ ತಯಾರಾಗುತ್ತವೆ? ಇದನ್ನು ತರಗತಿಯಲ್ಲಿ ಕೂತು ಕಣ್ಣಾರೆ ನೋಡಿದವರಿಗೆ ಮಾತ್ರ ಆ ತಾಯಿಯ ಮುಂದೆ ನಿಲ್ಲುವ ಧೈರ್ಯ ಬರುತ್ತದೆ. ಇಲ್ಲದಿದ್ದರೆ ಮರುದಿನವೇ ನೀವೂ ನಾಲ್ಕು ಗೆರೆಯ ಪುಸ್ತಕ ತರಿಸುತ್ತೀರಿ. ಯಾವುದನ್ನು ಬಿಟ್ಟು ಬಂದಿರೋ ಅದನ್ನೇ ಮನೆಯೊಳಗೆ ಕರೆದುಕೊಂಡ ಹಾಗೆ.

ಮಾಂಟೆಸರಿ ಎಂಬ ಹೆಸರನ್ನು ಯಾರು ಬೇಕಾದರೂ ಬೋರ್ಡ್ ಮೇಲೆ ಬರೆಸಬಹುದು, ತಡೆಯುವವರಿಲ್ಲ. ಆದರೆ 1939ರಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದ, ಈ ಪದ್ಧತಿ ರೂಪಿಸಿದ ಇಟಲಿಯ ಮರಿಯಾ ಮಾಂಟೆಸರಿ ಮೊದಲು ಕೈ ಹಾಕಿದ್ದು ಶಿಕ್ಷಕರ ತರಬೇತಿಗೆ. ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದಾಗಲೂ ಆ ಕೆಲಸ ನಿಲ್ಲಿಸಲಿಲ್ಲ. ಒಳ್ಳೆಯ ಡಿಪ್ಲೊಮಾಗೆ ಸುಮಾರು ಒಂದು ವರ್ಷ ಬೇಕು. ಫೀಸ್ ಕೇಳುವ ಮೊದಲು ಇದನ್ನು ಕೇಳಿ: ಮಕ್ಕಳಿರುವ ತರಗತಿಯಲ್ಲಿ ಕೂತು ಗಮನಿಸಲು ಎಷ್ಟು ಗಂಟೆ ಸಿಗುತ್ತದೆ? ಸಾಮಗ್ರಿಗಳನ್ನು ನಾನೇ ಮುಟ್ಟಿ ಅಭ್ಯಾಸ ಮಾಡುತ್ತೇನಾ? ಪ್ರತಿ ಸಾಮಗ್ರಿಯನ್ನು ಮಗುವಿಗೆ ಹೇಗೆ ತೋರಿಸಬೇಕೆಂಬ ಟಿಪ್ಪಣಿ ಪುಸ್ತಕ, ಅಂದರೆ ಆಲ್ಬಮ್, ನಾನೇ ಬರೆಯಬೇಕಾ? ಇನ್ನು, ಬೆಂಗಳೂರೇ ಯಾಕೆ? ಹೈದರಾಬಾದ್‌ನಲ್ಲೂ ತರಬೇತಿ ಇದೆ. ನಿಮ್ಮೂರಿಂದ ದೂರ ಅರ್ಧಕ್ಕೂ ಕಡಿಮೆ. ಶನಿವಾರ ರೈಲು ಹತ್ತಿದರೆ ರಾತ್ರಿ ಮಗಳ ಪಕ್ಕ ಇರಬಹುದು.

ಉಳಿದ ದಿನ ಮಗಳನ್ನು ನೋಡಿಕೊಳ್ಳುವವರು ಅತ್ತೆಯೇ ಅಲ್ವಾ? ಹಾಗಾಗಿ ಅವರನ್ನು ಬದಿಗಿಟ್ಟು ಈ ಕೆಲಸ ಆಗುವುದಿಲ್ಲ. ಪಡಸಾಲೆ ಅವರು ಕೂರುವ, ಬಂದವರನ್ನು ಮಾತಾಡಿಸುವ ಜಾಗ. ಅದನ್ನು ಕೇಳುತ್ತಿದ್ದೀರಿ ಎಂಬುದು ಮನಸ್ಸಿನಲ್ಲಿರಲಿ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು ಮಾತ್ರ, ಒಳಮನೆಗೆ ಮಕ್ಕಳು ಬರುವುದಿಲ್ಲ, ಹಬ್ಬಕ್ಕೆ ರಜೆ, ಬಿಸಿಲುಗಾಲ ಬಂದರೆ ಬಾಗಿಲು ಬಂದ್. ಹೀಗೆ ಬಿಡಿಸಿ ಹೇಳಿ. ಮೊದಲ ಮಾಂಟೆಸರಿ ಶಾಲೆಯ ಕಥೆಯನ್ನೂ ಹೇಳಿ. 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಅದು ಶುರುವಾಗಿದ್ದು ಬಡ ಕಾರ್ಮಿಕರ ವಸತಿ ಕಟ್ಟಡದ ಒಂದು ಕೋಣೆಯಲ್ಲಿ. ಅಪ್ಪ ಅಮ್ಮ ದುಡಿಯಲು ಹೋದರೆ ಮಕ್ಕಳನ್ನು ನೋಡುವವರಿರಲಿಲ್ಲ. ಆ ಶಾಲೆಗೆ ‘ಮಕ್ಕಳ ಮನೆ’ ಎಂದೇ ಹೆಸರಿಟ್ಟರು. ಅತ್ತೆ ಬೇರೆ ಬೇರೆ ಎನ್ನುತ್ತಿರುವ ಮನಿ, ಸಾಲಿ ಎರಡೂ ಅಲ್ಲಿ ಒಂದೇ ಆಗಿದ್ದವು.

ಸಾಮಾನಿಗೆ ಸಾಲ ಬೇಡ. ಮಕ್ಕಳು ಒಂದರ ಮೇಲೊಂದು ಜೋಡಿಸುವ ‘ಗುಲಾಬಿ ಗೋಪುರ’ದ 10 ಘನಗಳು 1 ಸೆಂ.ಮೀ.ನಿಂದ 10 ಸೆಂ.ಮೀ.ವರೆಗೆ ಕರಾರುವಾಕ್ಕಾಗಿರಬೇಕು, ಅಂಥವನ್ನು ನಿಧಾನವಾಗಿ ಕೊಳ್ಳಿ. ಮೊದಲು ಬೇಕಾಗುವ ದಿನನಿತ್ಯದ ಕೆಲಸಗಳಿಗೆ ನಿಮ್ಮ ಅಡುಗೆಮನೆ ಸಾಕು. ಚಮಚದಿಂದ ತೊಗರಿ ಬೇಳೆಯನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕುವುದು, ಪುಟ್ಟ ತಂಬಿಗೆಯಿಂದ ನೀರು ಸುರಿಯುವುದು, ಬಟ್ಟೆ ಮಡಚುವುದು. (ಕಾಳು ಮೂಗಿಗೆ ಹೋದೀತು, ಪಕ್ಕದಲ್ಲೇ ಇರಿ.)

ಮಾಂಟೆಸರಿ ಶಾಲೆಯಲ್ಲಿ ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿರುತ್ತಾರೆ, ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಾರೆ. ಮೊದಲ ವರ್ಷ ನಿಮ್ಮಲ್ಲಿ ಬರೀ ಚಿಕ್ಕವರೇ ಇರುತ್ತಾರೆ. ತರಗತಿ ಒಂದು ಹದಕ್ಕೆ ಬರುವುದು ಮೂರನೇ ವರ್ಷಕ್ಕೆ. ಅಲ್ಲಿಯವರೆಗೆ ಜಾಸ್ತಿ ಆದಾಯ ಎಣಿಸಬೇಡಿ. ನೋಂದಣಿ ಬಗ್ಗೆ ಬಿಇಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಒಂದು ಮಾತು ನಿಮಗೆ ನೋವಾಗಬಹುದು. ನಿಮ್ಮ ಶಾಲೆ ತೆರೆಯುವಷ್ಟರಲ್ಲಿ ಮಗಳು ಒಂದನೇ ತರಗತಿಯ ವಯಸ್ಸಿಗೆ ಬಂದಿರುತ್ತಾಳೆ. ಅವಳಿಗಾಗಿ ಅವಸರ ಮಾಡಬೇಡಿ. ಬೇಳೆ, ನೀರು, ಬಟ್ಟೆಯ ಕೆಲಸ ಅವಳಿಗೆ ಇವತ್ತೇ ಕೊಡಬಹುದು.

ಯಜಮಾನರ ‘ನಿನ್ನಿಷ್ಟ’ವನ್ನು ಒಪ್ಪಿಕೊಂಡು ಸುಮ್ನೆ ಇರಬೇಡಿ. ಅವರೊಬ್ಬರ ಸಂಬಳದಲ್ಲಿ ಎಷ್ಟು ತಿಂಗಳು ಮನೆ ನಡೆಯುತ್ತದೆ ಎಂದು ಜೊತೆಗೆ ಕೂತು ಲೆಕ್ಕ ಬರೆಯಿರಿ. 24ಕ್ಕಿಂತ ಕಡಿಮೆ ಬಂದರೆ ಇನ್ನೊಂದು ವರ್ಷ ಈಗಿನ ಕೆಲಸದಲ್ಲೇ ಇದ್ದು ಫೀಸಿನ ದುಡ್ಡು ಕೂಡಿಸಿ.