ಅಲನ್ ಲೋಮ್ಯಾಕ್ಸ್ ಯಾರು? ಹಾಡು ಸಂಗ್ರಹಿಸುವುದೂ ಒಂದು ಕೆಲಸವಾ?

ಕೆಲಸವೇ, ಅದೂ ಮೈ ಮುರಿಯುವಂಥದ್ದು. ಲೋಮ್ಯಾಕ್ಸ್ (1915–2002) ಅಮೆರಿಕದ ಟೆಕ್ಸಾಸ್‌ನವರು. 1933ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಅಪ್ಪ ಜಾನ್ ಜೊತೆ ಜನಪದ ಹಾಡುಗಳನ್ನು ಹುಡುಕುತ್ತಾ ದಕ್ಷಿಣದ ರಾಜ್ಯಗಳನ್ನು ಸುತ್ತಲು ಹೊರಟರು. ಕಾರಿನ ಹಿಂದೆ ಸುಮಾರು 140 ಕೆಜಿಯ ರೆಕಾರ್ಡಿಂಗ್ ಯಂತ್ರ! ಈಗಿನ ಹಾಗೆ ಜೇಬಿನಿಂದ ಮೊಬೈಲ್ ತೆಗೆದು ಸುಮ್ನೆ ಬಟನ್ ಒತ್ತುವುದಲ್ಲ. ಎದುರಿಗಿದ್ದವರು ಹಾಡುತ್ತಿದ್ದ ಹಾಗೇ ಯಂತ್ರದ ಮುಳ್ಳು ರೆಕಾರ್ಡ್ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಟ್ಟೆ ತುಂಬಿತೋ, ಹಾಡು ಅರ್ಧಕ್ಕೇ ನಿಂತಿತು.

ಅಪ್ಪ-ಮಗ ಜಾಸ್ತಿ ಹುಡುಕಿದ್ದು ಜೈಲುಗಳಲ್ಲಿ. ರೇಡಿಯೊ ತಲುಪದ ಕಡೆ ಹಳೇ ಹಾಡು ಉಳಿದಿರುತ್ತದೆ ಎಂಬ ಲೆಕ್ಕ. ಲೂಸಿಯಾನದ ಅಂಗೋಲಾ ಜೈಲಿನಲ್ಲಿ ಸಿಕ್ಕವರೇ ಹನ್ನೆರಡು ತಂತಿ ಗಿಟಾರಿನ ಹಾಡುಗಾರ ಲೆಡ್ ಬೆಲ್ಲಿ. ಮುಂದೆ ಅವರ ಹಾಡುಗಳ ಹಕ್ಕಿನಲ್ಲಿ ಲೋಮ್ಯಾಕ್ಸ್ ಮನೆತನದ ಹೆಸರೂ ಸೇರಿಕೊಂಡಿತು. ಅದರ ಬಗ್ಗೆ ತಕರಾರು ಇದೆ, ನನಗೂ ಅದು ಸರಿ ಕಾಣುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು 1941ರ ಸಂಗತಿ. ಮಿಸಿಸಿಪಿಯ ಹತ್ತಿ ತೋಟವೊಂದರಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಡ್ಡಿ ವಾಟರ್ಸ್ (ಮುಂದೆ ದೊಡ್ಡ ಹಾಡುಗಾರರಾದವರು) ಹಾಡಿದ್ದನ್ನು ಲೋಮ್ಯಾಕ್ಸ್ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿದರು. ತಮ್ಮ ದನಿ ತಟ್ಟೆಯಿಂದ ಬಂದದ್ದು ಕೇಳಿ ಅವರಿಗೆ ತಾವೂ ಹಾಡುಗಾರರೇ ಎಂಬ ಧೈರ್ಯ ಬಂತಂತೆ. ಎರಡೇ ವರ್ಷ, ತೋಟ ಬಿಟ್ಟು ಚಿಕಾಗೊ ಸೇರಿದರು.